90 ಸೆಂಟ್, 124 ಜೀವ: ಜಿಎಂ ಕಾರುಗಳ ಕೀ ಕಥೆ

ಇವತ್ತು ಒಂದು ಸಣ್ಣ ಕೆಲಸದಿಂದ ಶುರು ಮಾಡೋಣ. ನಿಮ್ಮ ಗಾಡಿ ಕೀ ಕೈಗೆ ತಗೊಳ್ಳಿ. ಗಾಡಿ ಓಡಿಸ್ತಾ ಇರೋರು ಮಾತ್ರ ಬೇಡ, ನೀವು ಸುಮ್ನೆ ಕೇಳಿ. ಆ ಕೀ ಜೊತೆ ಇನ್ನೇನೇನು ನೇತಾಡ್ತಾ ಇದೆ? ನಮ್ಮಪ್ಪನ ಬಂಚ್‌ನಲ್ಲಿ ಸ್ಕೂಟರ್ ಕೀ, ಮನೆ ಬೀಗದ ಕೈ, ಬೀರು ಕೀ, ಊರಲ್ಲಿರೋ ಮನೆ ಕೀ, ಯಾವುದೋ ಮದುವೇಲಿ ಕೊಟ್ಟ ಕೀ ಚೈನ್, ಜೊತೆಗೆ ಧರ್ಮಸ್ಥಳದಿಂದ ತಂದ ದೇವರ ಫೋಟೊ ಎಲ್ಲಾ ಇದೆ. ಸ್ಕೂಟರ್ ಹಳ್ಳ ಹಾರಿದಾಗೆಲ್ಲ ಗೆಜ್ಜೆ ಥರ ಸದ್ದು ಮಾಡುತ್ತೆ.

ಈಗ ಒಂದು ಕಾರು ಕಲ್ಪಿಸ್ಕೊಳ್ಳಿ. ಹೈವೇಲಿ 90, 100ರಲ್ಲಿ ಹೋಗ್ತಾ ಇದೆ. ರಸ್ತೆ ಸ್ವಲ್ಪ ಕುಲುಕಾಡ್ತು, ಅಥವಾ ಓಡಿಸೋರ ಮೊಣಕಾಲು ಆ ಕೀ ಬಂಚ್‌ಗೆ ತಾಗ್ತು. ಅಷ್ಟಕ್ಕೇ ಕೀ ತಾನಾಗಿ ಹಿಂದಕ್ಕೆ ತಿರುಗಿ ಎಂಜಿನ್ ಬಂದ್. ಪವರ್ ಸ್ಟೀರಿಂಗ್ ಹೋಯ್ತು, ಸ್ಟೀರಿಂಗ್ ಕಲ್ಲಿನ ಥರ ಗಟ್ಟಿ ಆಯ್ತು. ಬ್ರೇಕ್‌ಗೆ ಸಿಗೋ ಪವರ್ ಸಹಾಯಾನೂ ಹೋಯ್ತು. ಇದೆಲ್ಲಕ್ಕಿಂತ ಕೆಟ್ಟದ್ದು, ಏರ್‌ಬ್ಯಾಗ್ ಕೂಡ ಆಫ್ ಆಯ್ತು. ಅಂದ್ರೆ ಕಾರು ಹೋಗಿ ಮರಕ್ಕೆ ಹೊಡೆದ ಕ್ಷಣದಲ್ಲಿ, ಏರ್‌ಬ್ಯಾಗ್ ಬೇಕೇ ಬೇಕಾದ ಕ್ಷಣದಲ್ಲಿ, ಅದು ತೆರ್ಕೊಳ್ಳೋದೇ ಇಲ್ಲ.

ಇದು ಕಲ್ಪನೆ ಅಲ್ಲ. ಅಮೆರಿಕದ ಜನರಲ್ ಮೋಟರ್ಸ್, ಅಂದ್ರೆ ಜಿಎಂ ಮಾಡಿದ ಲಕ್ಷಾಂತರ ಕಾರುಗಳಲ್ಲಿ ಈ ದೋಷ ಇತ್ತು. ಶೆವ್ರೊಲೆ ಕೋಬಾಲ್ಟ್, ಸ್ಯಾಟರ್ನ್ ಅಯಾನ್ ಥರದ ಸಣ್ಣ, ಕಡಿಮೆ ಬೆಲೆಯ ಕಾರುಗಳು. ಓದೋ ಹುಡುಗ ಹುಡುಗೀರಿಗೆ ಮೊದಲ ಕಾರು ಅಂತ ಅಪ್ಪ ಅಮ್ಮ ಕೊಡಿಸೋ ಥರದ್ದು. 2014ರಲ್ಲಿ ಕಂಪನಿ ಸುಮಾರು 26 ಲಕ್ಷ ಕಾರುಗಳನ್ನ ವಾಪಸ್ ಕರೀತು. ಕಂಪನಿಯೇ ದುಡ್ಡು ಕೊಟ್ಟು ಸ್ಥಾಪಿಸಿದ ಪರಿಹಾರ ನಿಧಿ ಕೊನೆಗೆ ಒಪ್ಪಿಕೊಂಡ ಸಾವುಗಳು 124. ಗಾಯಾಳುಗಳು 275.

ಕಂಪನಿ ಒಳಗಿನವರಿಗೆ ಸ್ವಿಚ್ ಸರಿಯಿಲ್ಲ ಅಂತ ಯಾವಾಗಿಂದ ಗೊತ್ತಿತ್ತು? ಹೆಚ್ಚು ಕಡಿಮೆ ಮೊದಲ ದಿನದಿಂದ.

ನಾನು ಬಿಕಾಂ ಓದಿದವನು. ಎಂಜಿನ್ ಬಗ್ಗೆ ನಂಗೆ ಹೆಚ್ಚು ಗೊತ್ತಿಲ್ಲ, ಲೆಕ್ಕದ ಪುಸ್ತಕದ ಬಗ್ಗೆ ಗೊತ್ತು. ಅದಕ್ಕೇ ಈ ಕಥೆ ನನ್ನನ್ನ ಕಾಡಿದ್ದು. ಯಾಕಂದ್ರೆ ಇದು ಬೇರಲ್ಲಿ ಒಂದು ಲೆಕ್ಕದ ತಪ್ಪು. ಕೂಡಿಸೋದ್ರಲ್ಲಿ ಕಳೆಯೋದ್ರಲ್ಲಿ ಆದ ತಪ್ಪಲ್ಲ. ಯಾವ ಖಾತೆಗೆ ಬರೆದ್ರು ಅನ್ನೋ ತಪ್ಪು. ಒಂದೊಂದೇ ವರ್ಷ ಹಿಡ್ಕೊಂಡು ನೋಡೋಣ.

ಮೊದಲು 2002. ಇಗ್ನಿಷನ್ ಸ್ವಿಚ್ ಒಳಗೆ ಒಂದು ಸಣ್ಣ ಸ್ಪ್ರಿಂಗು, ಒಂದು ಸಣ್ಣ ಪಿನ್ನು ಇರುತ್ತೆ. ಕೀ ತಿರುಗಿಸಿದಾಗ 'ಟಕ್' ಅಂತ ಒಂದು ಕಡೆ ಕೂತ್ಕೊಳ್ಳುತ್ತಲ್ಲ, ಅದು ಇವುಗಳಿಂದ. ಸ್ಪ್ರಿಂಗ್ ಗಟ್ಟಿ ಇದ್ರೆ ಕೀ ಜಾಗ ಬಿಟ್ಟು ಕದಲಲ್ಲ. ಎಷ್ಟು ಗಟ್ಟಿ ಇರ್ಬೇಕು ಅಂತ ಜಿಎಂ ತಾನೇ ಅಳತೆ ಕೊಟ್ಟಿತ್ತು. ಸ್ವಿಚ್ ಮಾಡಿಕೊಡ್ತಾ ಇದ್ದ ಡೆಲ್ಫಿ ಕಂಪನಿ, ನಮ್ಮ ಪೀಸ್ ಆ ಅಳತೆಗೆ ಬರ್ತಾ ಇಲ್ಲ ಅಂತ ತಿಳಿಸ್ತು. ಜಿಎಂನ ಎಂಜಿನಿಯರ್ ಆದ್ರೂ ಒಪ್ಪಿಗೆ ಕೊಟ್ರು. ಸ್ವಿಚ್ ಕಾರಿಗೆ ಹತ್ತಿತು.

2004ರ ಕೊನೆ ಹೊತ್ತಿಗೆ ಕೋಬಾಲ್ಟ್ ಮಾರ್ಕೆಟ್‌ಗೆ ಬಂತು. ಬಂದ ಸ್ವಲ್ಪ ದಿನಕ್ಕೇ, ಓಡ್ತಾ ಇರೋ ಕಾರು ನಿಂತು ಹೋಗ್ತಿದೆ ಅನ್ನೋ ದೂರುಗಳು ಬರೋಕೆ ಶುರು. 2005ರಲ್ಲಿ ಕಾರು ವಿಮರ್ಶೆ ಮಾಡೋ ಪತ್ರಕರ್ತರೂ ಪೇಪರ್‌ನಲ್ಲಿ ಇದನ್ನ ಬರೆದ್ರು. ಇದೇನು ಗುಟ್ಟಿನ ವಿಷಯ ಆಗಿರ್ಲಿಲ್ಲ.

ಕಂಪನಿ ಒಳಗೆ ಎಂಜಿನಿಯರ್‌ಗಳು ಮೀಟಿಂಗ್ ಮಾಡಿದ್ರು, ಪರಿಹಾರಗಳನ್ನ ಯೋಚಿಸಿದ್ರು. ಅದರಲ್ಲಿ ಒಂದು ದಾರೀಲಿ ಹೋದ್ರೆ ಕಾರಿಗೆ 90 ಸೆಂಟ್ ಖರ್ಚು ಹೆಚ್ಚು ಬೀಳುತ್ತೆ. ಆಗಿನ ಲೆಕ್ಕದಲ್ಲಿ ನಮ್ಮ ಸುಮಾರು 40 ರೂಪಾಯಿ. ಅದರಿಂದ ವಾರಂಟಿ ಖರ್ಚಲ್ಲಿ ಉಳಿಯೋದು 10ರಿಂದ 15 ಸೆಂಟ್ ಮಾತ್ರ. ಲೆಕ್ಕ ಗಿಟ್ಟಲ್ಲ ಅಂತ ಕೈಬಿಟ್ರು.

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಕಥೆ ಹೇಳೋರೆಲ್ಲ ಇಲ್ಲೇ ನಿಲ್ಲಿಸಿ, 'ನೋಡಿ, 90 ಸೆಂಟ್‌ಗೋಸ್ಕರ ಜನರ ಪ್ರಾಣ ತೆಗೆದ್ರು' ಅಂತಾರೆ. ಕೇಳೋಕೆ ಸರಿ ಅನ್ಸುತ್ತೆ. ಆದ್ರೆ ಆ ಲೆಕ್ಕ ಇನ್ನೊಂದ್ಸಲ ನೋಡಿ. ಒಂದು ಕಡೆ 90 ಸೆಂಟ್, ಇನ್ನೊಂದು ಕಡೆ ವಾರಂಟಿ ಖರ್ಚು. ಜೀವ ಎಲ್ಲಿದೆ ಅಲ್ಲಿ? ಆ ತಕ್ಕಡೀಲಿ ಜೀವವನ್ನ ಇಟ್ಟೇ ಇರ್ಲಿಲ್ಲ. ಯಾಕಂದ್ರೆ ಕಂಪನಿ ಈ ದೂರನ್ನ 'ಕಸ್ಟಮರ್ ಕನ್ವೀನಿಯನ್ಸ್' ಅನ್ನೋ ಪಟ್ಟಿಗೆ ಸೇರಿಸಿತ್ತು. ಗಿರಾಕಿಗೆ ಆಗೋ ಕಿರಿಕಿರಿ ಅಂತ. ಎಸಿ ತಣ್ಣಗಾಗಲ್ಲ, ಕಪ್ ಹೋಲ್ಡರ್ ಸಡಿಲ ಅನ್ನೋ ಥರದ್ದು. 'ಸೇಫ್ಟಿ' ಅನ್ನೋ ಪಟ್ಟಿಗೆ ಸೇರಿಸಿದ್ರೆ ಖರ್ಚಿನ ಪ್ರಶ್ನೆ ಬೇರೆ ರೀತೀಲಿ ಬರ್ತಿತ್ತು. ಕನ್ವೀನಿಯನ್ಸ್ ಅಂದ ತಕ್ಷಣ ಗಿಟ್ಟುತ್ತಾ ಇಲ್ವಾ ಅನ್ನೋದೊಂದೇ ಪ್ರಶ್ನೆ.

ಕಾಮರ್ಸ್ ಓದಿದವರಿಗೆ ನೆನಪಿರುತ್ತೆ, ಎರರ್ ಆಫ್ ಪ್ರಿನ್ಸಿಪಲ್ ಅಂತ ಒಂದು ಪಾಠ. ಉಳಿದವರಿಗೆ ಒಂದು ಮಾತಲ್ಲಿ ಹೇಳ್ತೀನಿ. ಅಂಗಡಿಗೆ ಹೊಸ ಮಷಿನ್ ತಂದ್ರಿ, ಅದನ್ನ ಆಸ್ತಿ ಅಂತ ಬರೀಬೇಕು. ನೀವು ರಿಪೇರಿ ಖರ್ಚು ಅಂತ ಬರೆದ್ಬಿಟ್ರಿ. ಮೊತ್ತ ಸರಿ ಇದೆ, ಡೆಬಿಟ್ ಕ್ರೆಡಿಟ್ ಎರಡೂ ಸರಿ ಇದೆ, ಟ್ರಯಲ್ ಬ್ಯಾಲೆನ್ಸ್ ಪೈಸೆ ಪೈಸೆ ಟ್ಯಾಲಿ ಆಗುತ್ತೆ. ಆದ್ರೂ ಪುಸ್ತಕ ಪೂರ್ತಿ ಸುಳ್ಳು. ಇದನ್ನ ಪಾಠ ಮಾಡಿದ ನಮ್ಮ ಮೇಷ್ಟ್ರು ಹೇಳ್ತಾ ಇದ್ರು, 'ಟ್ಯಾಲಿ ಆಗದೇ ಇರೋ ತಪ್ಪಿಗೆ ಹೆದರ್ಬೇಡ್ರೋ, ಅದು ತಾನಾಗೇ ಸಿಗುತ್ತೆ. ಟ್ಯಾಲಿ ಆಗೋ ತಪ್ಪಿಗೆ ಹೆದ್ರಿ.'

ಜಿಎಂನಲ್ಲಿ ಎಲ್ಲಾ ಟ್ಯಾಲಿ ಆಗ್ತಾ ಇತ್ತು.

ಎಂಜಿನಿಯರ್‌ಗಳು ಯಾಕೆ ಹಾಗೆ ಬರೆದ್ರು? ಕಾರು ನಿಂತ್ರೂ ಜೋರಾಗಿ ಸ್ಟೀರಿಂಗ್ ತಿರುಗಿಸಿ ಪಕ್ಕಕ್ಕೆ ತರಬಹುದಲ್ಲ ಅಂತ ಅವರ ವಾದ. ಕೀ ಹಿಂದಕ್ಕೆ ಹೋದ್ರೆ ಏರ್‌ಬ್ಯಾಗ್ ಆಫ್ ಆಗುತ್ತೆ ಅನ್ನೋದು ಅವರ ತಲೆಗೆ ಹೋಗ್ಲಿಲ್ಲ. ನೆನಪಿಡಿ, ಅವರದೇ ಕಂಪನಿ ಹಾಗೆ ಡಿಸೈನ್ ಮಾಡಿದ ಕಾರು ಅದು. ಸ್ವಿಚ್ ನೋಡ್ಕೊಳ್ಳೋರು ಒಂದು ಕಡೆ, ಏರ್‌ಬ್ಯಾಗ್ ನೋಡ್ಕೊಳ್ಳೋರು ಇನ್ನೊಂದು ಕಡೆ. ಎರಡಕ್ಕೂ ನಡುವೆ ಇರೋ ವೈರ್ ಯಾರ ತಲೇಲೂ ಇರ್ಲಿಲ್ಲ.

ಹಾಗಾದ್ರೆ ಕಂಪನಿ ಏನೂ ಮಾಡ್ಲೇ ಇಲ್ವಾ? ಮಾಡ್ತು. 2005ರ ಡಿಸೆಂಬರ್‌ನಲ್ಲಿ ಡೀಲರ್‌ಗಳಿಗೆ ಒಂದು ಸೂಚನೆ ಹೋಯ್ತು. ಯಾರಾದ್ರೂ ದೂರು ತಂದ್ರೆ, ಕೀ ಬಂಚ್‌ನಲ್ಲಿರೋ ಭಾರದ ವಸ್ತುಗಳನ್ನ ತೆಗೀರಿ ಅಂತ ಹೇಳಿ, ಕೀಯ ಉದ್ದನೆ ತೂತಿಗೆ ಒಂದು ಪ್ಲಾಸ್ಟಿಕ್ ತುಂಡು ಹಾಕಿ ಸಣ್ಣ ಮಾಡಿಕೊಡಿ ಅಂತ. ದೂರು ತರದೇ ಇರೋರಿಗೆ ಏನೂ ಇಲ್ಲ. ಇನ್ನೂ ಒಂದು ವಿಷಯ. ಆ ಸೂಚನೇಲಿ ಕಾರು 'ಸ್ಟಾಲ್' ಆಗುತ್ತೆ ಅನ್ನೋ ಪದಾನೇ ಹಾಕ್ಲಿಲ್ಲ. ಆ ಪದ ನೋಡಿದ್ರೆ ಸರ್ಕಾರದ ಸುರಕ್ಷತಾ ಸಂಸ್ಥೆ ಕಿವಿ ನಿಮಿರಿಸುತ್ತೆ ಅಂತ.

ಪದದ ಹೆದರಿಕೆ ಅಲ್ಲಿಗೇ ನಿಲ್ಲಲಿಲ್ಲ. 2008ರಲ್ಲಿ ಜಿಎಂ ತನ್ನ ಉದ್ಯೋಗಿಗಳಿಗೆ ಕೊಟ್ಟ ತರಬೇತೀಲಿ, ವರದಿಗಳಲ್ಲಿ ಬಳಸಬಾರದ 60ಕ್ಕೂ ಹೆಚ್ಚು ಪದಗಳ ಪಟ್ಟಿ ಇತ್ತು. 'ಡಿಫೆಕ್ಟ್' ಅನ್ನಬೇಡಿ, 'ವಿನ್ಯಾಸದ ಪ್ರಕಾರ ಕೆಲಸ ಮಾಡ್ತಿಲ್ಲ' ಅನ್ನಿ. 'ಪ್ರಾಬ್ಲಮ್' ಅನ್ನಬೇಡಿ, 'ಇಶ್ಯೂ' ಅನ್ನಿ, 'ಮ್ಯಾಟರ್' ಅನ್ನಿ. ಆಮೇಲೆ 2014ರಲ್ಲಿ ಸರ್ಕಾರದ ಜೊತೆ ಆದ ಒಪ್ಪಂದದ ದಾಖಲೇಲಿ ಈ ಪಟ್ಟಿ ಹೊರಗೆ ಬಂತು. ಕೆಂಡವನ್ನ ಬಾಯಲ್ಲಿ ಬೆಂಕಿ ಅನ್ನದೇ ಇದ್ರೆ ಕೈ ಸುಡಲ್ಲ ಅಂದ್ಕೊಂಡ ಹಾಗೆ.

2006ರಲ್ಲಿ ಎರಡು ಘಟನೆ. ಒಂದು, ಅದೇ ಎಂಜಿನಿಯರ್ ಸ್ವಿಚ್ ಬದಲಾಯಿಸೋಕೆ ಸಹಿ ಹಾಕಿದ್ರು. ಒಳಗಿನ ಭಾಗ ಗಟ್ಟಿ ಆಯ್ತು, ಸಮಸ್ಯೆ ಬಹುಪಾಲು ಪರಿಹಾರ ಆಯ್ತು. ಆದ್ರೆ ಪಾರ್ಟ್ ನಂಬರ್ ಬದಲಾಯಿಸ್ಲಿಲ್ಲ. ಹಳೇ ಸ್ವಿಚ್‌ಗೂ ಹೊಸ ಸ್ವಿಚ್‌ಗೂ ಒಂದೇ ನಂಬರ್. ಇದು ಬಿಲ್ ಬುಕ್‌ನಲ್ಲಿ ಹಳೇ ಬಿಲ್ ಹರಿದು, ಅದೇ ನಂಬರ್‌ಗೆ ಹೊಸ ಬಿಲ್ ಬರೆದ ಹಾಗೆ. ಮುಂದೆ ತನಿಖೆ ಮಾಡೋರಿಗೆ, ಹಳೇ ಕಾರಲ್ಲಿ ಏರ್‌ಬ್ಯಾಗ್ ಕೆಲಸ ಮಾಡ್ತಿಲ್ಲ, ಹೊಸ ಕಾರಲ್ಲಿ ಮಾಡ್ತಿದೆ, ಆದ್ರೆ ದಾಖಲೆ ಪ್ರಕಾರ ಏನೂ ಬದಲಾಗಿಲ್ಲ! ವರ್ಷಗಟ್ಟಲೆ ಅವರು ಕತ್ತಲಲ್ಲಿ ತಡಕಾಡಿದ್ರು.

ಎರಡು, ವಿಸ್ಕಾನ್ಸಿನ್ ರಾಜ್ಯದಲ್ಲಿ ಒಂದು ಕೋಬಾಲ್ಟ್ ಅಪಘಾತ ಆಗಿ ಇಬ್ಬರು ಹುಡುಗೀರು ಸತ್ರು. ಏರ್‌ಬ್ಯಾಗ್ ತೆರೆದಿರ್ಲಿಲ್ಲ. ಅಲ್ಲಿನ ಪೊಲೀಸ್ ಅಧಿಕಾರಿಯೊಬ್ಬರು ತನಿಖೆ ಮಾಡಿ 2007ರ ವರದೀಲಿ ಬರೆದ್ರು: ಕೀ ರನ್ ಸ್ಥಾನದಲ್ಲಿ ಇರ್ಲಿಲ್ಲ, ಅದಕ್ಕೇ ಏರ್‌ಬ್ಯಾಗ್ ತೆರೆದಿರಲಿಕ್ಕಿಲ್ಲ. ಡೀಲರ್‌ಗಳಿಗೆ ಹೋಗಿದ್ದ ಆ ಸೂಚನೆಯನ್ನೂ ಹುಡುಕಿ ತೆಗೆದಿದ್ರು. ಸಾವಿರಾರು ಎಂಜಿನಿಯರ್‌ಗಳಿಗೆ ಕಾಣದ ವೈರ್ ಒಬ್ಬ ಪೊಲೀಸ್‌ಗೆ ಕಾಣ್ತು. ಆ ವರದಿ ಜಿಎಂ ಫೈಲ್‌ಗೂ ಬಂತು, ಸರ್ಕಾರದ ಸುರಕ್ಷತಾ ಸಂಸ್ಥೆಗೂ ಹೋಯ್ತು. ಎರಡೂ ಕಡೆ ಫೈಲ್ ಒಳಗೇ ಉಳೀತು.

ಹಾಗೇ ವರ್ಷಗಳು ಹೋದ್ವು. 2009ರಲ್ಲಿ ಜಿಎಂ ದಿವಾಳಿ ಅರ್ಜಿ ಹಾಕ್ತು, ಸರ್ಕಾರ ದುಡ್ಡು ಸುರಿದು ಉಳಿಸ್ತು, ಹೊಸ ಕಂಪನಿ ಆಗಿ ಹೊರಗೆ ಬಂತು. ಕಾರುಗಳು ಮಾತ್ರ ಅವೇ, ರಸ್ತೇಲಿ ಓಡ್ತಾನೇ ಇದ್ವು.

2010ರಲ್ಲಿ ಜಾರ್ಜಿಯಾದಲ್ಲಿ ಇನ್ನೊಬ್ಬ ಯುವತಿ ಸತ್ರು. ಅವರ ಕುಟುಂಬ ಕೇಸ್ ಹಾಕ್ತು. ಕುಟುಂಬದ ಪರ ವಕೀಲರು ನೇಮಿಸಿದ ಹೊರಗಿನ ಎಂಜಿನಿಯರ್ ಅಪಘಾತದ ಕಾರಿನ ಸ್ವಿಚ್ಚನ್ನೂ, ಅಂಗಡೀಲಿ ಸಿಗೋ ಹೊಸ ಸ್ವಿಚ್ಚನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದ್ರು. ನಂಬರ್ ಒಂದೇ, ಒಳಗಿನ ಭಾಗ ಬೇರೆ. ಗುಟ್ಟು ಬಯಲಾಗಿದ್ದು ಹೀಗೆ. ರೀಕಾಲ್ ಶುರುವಾಗಿದ್ದು 2014ರ ಫೆಬ್ರವರೀಲಿ. ಹಿಂದಿನ ತಿಂಗಳಷ್ಟೇ ಮೇರಿ ಬಾರ್ರಾ ಸಿಇಒ ಆಗಿದ್ರು. 18ನೇ ವಯಸ್ಸಿಗೆ ಅದೇ ಕಂಪನಿಗೆ ಸೇರಿದ್ದವರು ಅವರು. ಏಪ್ರಿಲ್‌ನಲ್ಲಿ ಅಮೆರಿಕ ಸಂಸತ್ತಿನ ಮುಂದೆ ಕೂತು ಉತ್ತರ ಕೊಡಬೇಕಾಯ್ತು.

ಕಂಪನಿ ತನಿಖೆಗೆ ಆಂಟನ್ ವಾಲುಕಸ್ ಅನ್ನೋ ವಕೀಲರನ್ನ ನೇಮಿಸ್ತು. ಅವರು ಕೊಟ್ಟ 300ಕ್ಕೂ ಹೆಚ್ಚು ಪುಟದ ವರದೀಲಿ ಎರಡು ಪದ ಇದೆ, ನಾನು ಮರೆಯೋಕೆ ಆಗಿಲ್ಲ. ಒಂದು 'ಜಿಎಂ ನಾಡ್'. ಮೀಟಿಂಗ್‌ನಲ್ಲಿ ಎಲ್ರೂ ಹೂಂ ಅಂತ ತಲೆ ಆಡಿಸ್ತಾರೆ, ಎದ್ದು ಹೊರಗೆ ಹೋದ್ಮೇಲೆ ಯಾರೂ ಏನೂ ಮಾಡಲ್ಲ. ಇನ್ನೊಂದು 'ಜಿಎಂ ಸೆಲ್ಯೂಟ್'. ಎರಡೂ ಕೈ ಎದೆ ಮೇಲೆ ಕಟ್ಟಿ, ಬೆರಳು ಅಕ್ಕಪಕ್ಕದವರ ಕಡೆ ತೋರಿಸೋದು. ನನ್ನ ಕೆಲಸ ಅಲ್ಲ, ಅವರದು. 15 ಜನರನ್ನ ಕೆಲಸದಿಂದ ತೆಗೆದ್ರು. ಕಂಪನಿ ಮೇಲಿನ ಕ್ರಿಮಿನಲ್ ಪ್ರಕರಣ 2015ರಲ್ಲಿ 90 ಕೋಟಿ ಡಾಲರ್ ಕಟ್ಟೋ ಒಪ್ಪಂದದಲ್ಲಿ ಮುಗೀತು. ಯಾವೊಬ್ಬ ವ್ಯಕ್ತಿಯ ಮೇಲೂ ಕ್ರಿಮಿನಲ್ ಕೇಸ್ ಆಗ್ಲಿಲ್ಲ.

ಈಗ ಲೆಕ್ಕ ಹಾಕೋಣ. 26 ಲಕ್ಷ ಕಾರಿಗೆ 90 ಸೆಂಟ್ ಅಂದ್ರೆ 23 ಲಕ್ಷದ 40 ಸಾವಿರ ಡಾಲರ್. ಆಮೇಲೆ ಕಟ್ಟಿದ್ದು? 90 ಕೋಟಿ, ಪರಿಹಾರ ನಿಧಿಗೆ ಸುಮಾರು 59 ಕೋಟಿ, ಸುರಕ್ಷತಾ ಸಂಸ್ಥೆಗೆ ದಂಡ 3.5 ಕೋಟಿ. 150 ಕೋಟಿ ಡಾಲರ್ ದಾಟ್ತು. ಎಂಬಿಎ ಕ್ಲಾಸ್‌ನಲ್ಲಾದ್ರೆ ಇಲ್ಲಿಗೆ ಪಾಠ ಮುಗೀತು: ಸುರಕ್ಷತೆಗೆ ಖರ್ಚು ಮಾಡಿ, ಅದೇ ಲಾಭ.

ನಂಗೆ ಈ ಪಾಠ ಇಷ್ಟ ಇಲ್ಲ. ಯಾಕೆ ಅಂತ ಹೇಳ್ತೀನಿ. ಆ ಜಾರ್ಜಿಯಾ ಕುಟುಂಬ ಕೇಸ್ ಹಾಕದೇ ಇದ್ದಿದ್ರೆ? ಆ ಹೊರಗಿನ ಎಂಜಿನಿಯರ್ ಸ್ವಿಚ್ ಬಿಚ್ಚಿ ನೋಡದೇ ಇದ್ದಿದ್ರೆ? ಹಳೇ ಕಾರುಗಳು ಒಂದೊಂದಾಗಿ ಗುಜರಿಗೆ ಹೋಗ್ತಿದ್ವು. ಕಂಪನಿಗೆ 23 ಲಕ್ಷ ಡಾಲರ್ ಉಳಿತಾಯ. ಆಗ ಅವರು ಮಾಡಿದ್ದು ಸರಿ ಅಂತೀವಾ? ಸಿಕ್ಕಿಬಿದ್ರೆ ಮಾತ್ರ ತಪ್ಪು ಅನ್ನೋದು ಕಳ್ಳನ ಲೆಕ್ಕ. ಇಲ್ಲಿ ಬೇಕಾಗಿದ್ದಿದ್ದು ದೊಡ್ಡ ಲೆಕ್ಕ ಅಲ್ಲ. ಪಟ್ಟಿಯ ತಲೆಬರಹ ಬರೆಯೋವಾಗ ಯಾರಾದ್ರೂ ಒಬ್ರು ಕೈ ಎತ್ತಿ, 'ಹೈವೇಲಿ ಕಾರು ನಿಂತ್ರೆ ಅದು ಹೇಗ್ರೀ ಕಿರಿಕಿರಿ?' ಅಂತ ಕೇಳಬೇಕಿತ್ತು.

ಯಾಕೆ ಯಾರೂ ಕೇಳ್ಲಿಲ್ಲ ಅಂತ ಬೈಯೋದು ಸುಲಭ. ನಾನೂ ಬೈತಾ ಇದ್ದೆ, ನನ್ನದೇ ಒಂದು ರಿಜಿಸ್ಟರ್ ನೆನಪಾಗೋವರೆಗೂ.

ಬಿಕಾಂ ಮುಗಿದ್ಮೇಲೆ ನನ್ನ ಮೊದಲ ಕೆಲಸ ಪೀಣ್ಯದ ಒಂದು ಸಣ್ಣ ಫ್ಯಾಕ್ಟರೀಲಿ, ಅಕೌಂಟ್ಸ್‌ನಲ್ಲಿ. ಮನೆಗೆ ಬೇಕಾದ ಗ್ರೈಂಡರ್, ಮಿಕ್ಸಿ ಮಾಡ್ತಿದ್ರು. ಅಂಗಡಿಗಳಿಂದ ವಾಪಸ್ ಬಂದ ಮಾಲಿನ ರಿಜಿಸ್ಟರ್ ನನ್ನ ಕೈಲಿತ್ತು. ಪ್ರತಿ ಪೀಸ್‌ಗೂ ಕಾರಣ ಬರೀಬೇಕು: ಪ್ಯಾಕಿಂಗ್ ಹಾಳು, ಮೋಟಾರ್ ರಿಪೇರಿ, ಬಣ್ಣ ಇಷ್ಟ ಆಗಿಲ್ಲ, ಇತರೆ. ಒಂದು ವಾರ ಬೇರೆ ಬೇರೆ ಊರಿನ ಮೂರು ಅಂಗಡಿಯಿಂದ ಒಂದೇ ಮಾತು ಬಂತು. 'ಮುಟ್ಟಿದ್ರೆ ಜುಮ್ ಅನ್ನುತ್ತೆ.' ಯಾವ ಕಾಲಂಗೆ ಹಾಕಲಿ ಸರ್ ಅಂತ ಹಿರಿಯರನ್ನ ಕೇಳ್ದೆ. 'ಅವರ ಮನೇಲಿ ಅರ್ಥಿಂಗ್ ಸರಿ ಇರಲ್ಲಪ್ಪ. ಚಪ್ಪಲಿ ಹಾಕ್ಕೊಂಡು ಮುಟ್ಟೋಕೆ ಹೇಳು. ಇತರೆಗೆ ಹಾಕು' ಅಂದ್ರು. ನಾನು ತಲೆ ಆಡಿಸ್ದೆ. ಇತರೆಗೆ ಹಾಕ್ದೆ. ತಿಂಗಳ ಕೊನೆಗೆ ರಿಜಿಸ್ಟರ್ ಟ್ಯಾಲಿ ಆಯ್ತು.

ಚಪ್ಪಲಿ ಹಾಕ್ಕೊಂಡು ಮುಟ್ಟು. ನಮ್ಮ ಮನೇಲೂ ಅಮ್ಮ ಇದೇ ಹೇಳ್ತಾ ಇದ್ರು, ನಿಮ್ಮನೇಲೂ ಹೇಳಿರ್ತಾರೆ. ಜಿಎಂ ಹೇಳಿದ್ದೂ ಇದೇ ಅಲ್ವಾ? ಕೀ ಬಂಚ್ ಹಗುರ ಮಾಡ್ಕೊಳ್ಳಿ. ವಸ್ತುವಿನ ದೋಷವನ್ನ ಬಳಸೋರ ಜವಾಬ್ದಾರಿ ಮಾಡ್ಬಿಡೋದು.

ಅವತ್ತು ಆ ಮೂರು ದೂರನ್ನ ಒಂದು ಹಾಳೇಲಿ ಬರೆದು, ಮೇಲೆ 'ಶಾಕ್' ಅಂತ ಹೆಡ್ಡಿಂಗ್ ಹಾಕಿ ಮಾಲೀಕರ ಟೇಬಲ್ ಮೇಲೆ ಇಡಬಹುದಿತ್ತು. ಹತ್ತು ನಿಮಿಷದ ಕೆಲಸ. ಮಾಡ್ಲಿಲ್ಲ. ನಾನು ಕೆಟ್ಟವನಾಗಿದ್ದೆ ಅಂತಲ್ಲ. ಹೊಸ ಹುಡುಗ, ಮೊದಲ ಸಂಬಳ, ಹಿರಿಯರು ಹೇಳಿದ್ರು. ಜಿಎಂನ ಆ ಮೀಟಿಂಗ್ ರೂಮಲ್ಲಿ ಕೂತಿದ್ದೋರ ಹತ್ರಾನೂ ಇಂಥದೇ ಕಾರಣ ಇದ್ದಿರುತ್ತೆ ಅಂತ ಈಗ ಅನ್ಸುತ್ತೆ. ಅದು ಕ್ಷಮೆ ಅಲ್ಲ. ಅದು ಎಷ್ಟು ಸುಲಭ ಅಂತ ಹೇಳ್ತಾ ಇದ್ದೀನಿ ಅಷ್ಟೇ.

ಈ ಕಂಪನಿ ನಮಗೇನು ದೂರದ್ದಲ್ಲ. ಶೆವ್ರೊಲೆ ಟವೇರಾ ನೆನಪಿದೆಯಾ? ನಮ್ಮಲ್ಲಿ ಟ್ರಿಪ್‌ಗೆ, ಮದುವೆ ದಿಬ್ಬಣಕ್ಕೆ ಅದೇ ಗಾಡಿ. 2013ರಲ್ಲಿ, ಸ್ವಿಚ್ ವಿಷಯ ಹೊರಗೆ ಬರೋ ಮೊದಲೇ, ಜಿಎಂ ಭಾರತದಲ್ಲಿ ಸುಮಾರು 1.14 ಲಕ್ಷ ಟವೇರಾ ವಾಪಸ್ ಕರೆದಿತ್ತು. ಅದು ಹೊಗೆ ನಿಯಮದ ಪ್ರಕರಣ. ತನ್ನದೇ ಉದ್ಯೋಗಿಗಳು ನಿಯಮ ಮೀರಿದ್ದಾರೆ ಅಂತ ಕಂಪನಿ ಒಪ್ಕೊಂಡು ಹಲವರನ್ನ ತೆಗೆದು ಹಾಕ್ತು. 2017ರ ಕೊನೆಗೆ ಭಾರತದಲ್ಲಿ ಕಾರು ಮಾರೋದನ್ನೇ ನಿಲ್ಲಿಸ್ತು. ಆ ಹೊತ್ತಲ್ಲಿ ನಮ್ಮ ದೇಶದಲ್ಲಿ ರೀಕಾಲ್ ಅನ್ನೋದು ಕಂಪನಿಗಳು ಸ್ವಇಚ್ಛೆಯಿಂದ ಮಾಡೋ ಕೆಲಸ ಆಗಿತ್ತು. ದೋಷ ಇರೋ ಗಾಡಿ ವಾಪಸ್ ಕರೀರಿ ಅಂತ ಆದೇಶ ಮಾಡೋ ಅಧಿಕಾರ ಸರ್ಕಾರಕ್ಕೆ ಬಂದಿದ್ದು 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದ.

ಕಾನೂನು ಇದೆ ಅಂದ ಮಾತ್ರಕ್ಕೆ ದೂರು ಸರಿಯಾದ ಕಾಲಂಗೆ ಹೋಗಿಬಿಡಲ್ಲ. ಅದಕ್ಕೆ ಎರಡು ಕೆಲಸ ಹೇಳಿ ಮುಗಿಸ್ತೀನಿ.

ಗಾಡಿ ಇರೋರು, ಆರ್‌ಸಿಯಲ್ಲಿರೋ ಚಾಸಿಸ್ ನಂಬರ್ ತಗೊಂಡು ಕಂಪನಿ ವೆಬ್‌ಸೈಟ್‌ನಲ್ಲೋ ಸರ್ವಿಸ್ ಸೆಂಟರ್‌ನಲ್ಲೋ ರೀಕಾಲ್ ಇದೆಯಾ ಅಂತ ಚೆಕ್ ಮಾಡಿ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡವರು ಮರೀದೇ ಮಾಡಿ, ಯಾಕಂದ್ರೆ ಕಂಪನಿ ಕಳಿಸೋ ಪತ್ರ ಹಳೇ ಓನರ್ ಮನೆಗೆ ಹೋಗುತ್ತೆ. ದೂರು ಕೊಡೋವಾಗ ಮೆತ್ತಗೆ ಬರೀಬೇಡಿ. 'ಸ್ವಲ್ಪ ತೊಂದರೆ ಇದೆ' ಅಂತ ಬೇಡ. 'ಓಡ್ತಾ ಇರೋವಾಗ ಎಂಜಿನ್ ನಿಂತಿದೆ, ಇದು ಪ್ರಾಣಾಪಾಯ' ಅಂತ ಬರೀರಿ. ಆ ಪದ ನೀವು ಬರೆದ್ರೆ ಅದನ್ನ ಇತರೆಗೆ ಹಾಕೋಕೆ ಯಾರಿಗಾದ್ರೂ ಸ್ವಲ್ಪ ಕೈ ನಡುಗುತ್ತೆ.

ಇನ್ನು ಕೆಲಸಕ್ಕೆ ಈಗ ತಾನೇ ಸೇರಿರೋರು, ನನ್ನ ಥರದವರು. ನಿಮ್ಮ ಮುಂದೆ ಒಂದು ಎಕ್ಸೆಲ್ ಶೀಟ್ ಇರುತ್ತೆ. ಅದರಲ್ಲಿ ಇತರೆ ಅನ್ನೋ ಕಾಲಂ ಇದ್ದೇ ಇರುತ್ತೆ. ನಾಳೆ ಆಫೀಸ್‌ಗೆ ಹೋದಾಗ ಅದನ್ನ ಒಂದ್ಸಲ ತೆಗೆದು ಓದಿ. ಅಲ್ಲಿ ಯಾರಾದ್ರೂ ಜುಮ್ ಅನ್ನುತ್ತೆ ಅಂತ ಬರೆದಿದ್ದಾರಾ ನೋಡಿ. ಬರೆದಿದ್ರೆ, ತಲೆ ಆಡಿಸ್ಬೇಡಿ. ಕೇಳಿ.

ನಿಮಗೂ ಇಂಥ ರಿಜಿಸ್ಟರ್ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ. ಅಲ್ಲೀವರೆಗೂ ಜೋಪಾನವಾಗಿ ಗಾಡಿ ಓಡಿಸಿ. ನಮಸ್ಕಾರ.